ತೋಳಿಗೆ ಹಚ್ಚೋದಾ, ತೊಡೆಗೆ ಚುಚ್ಚೋದಾ

ಟಿ, ಅಂದರೆ ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರಾನ್, ಶುರು ಮಾಡಬೇಕು ಅಂತಿರುವ ಟ್ರಾನ್ಸ್ ಹುಡುಗರು, ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡ ನಮ್ಮಂಥವರು, ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣ, ಗಡ್ಡ ಯಾವುದರಲ್ಲಿ ಬೇಗ ಬರುತ್ತೆ? ಜೆಲ್ಲಲ್ಲಾ, ಇಂಜೆಕ್ಷನ್ನಲ್ಲಾ?" ನಿಮ್ಮಪ್ಪನ ಮುಖ ನೋಡು, ಸೋದರಮಾವಂದಿರ ಮುಖ ನೋಡು, ಉತ್ತರ ಅಲ್ಲೇ ಇದೆ ಅನ್ನುತ್ತೇನೆ. ಈ ಮಾತು ಯಾರಿಗೂ ರುಚಿಸಿಲ್ಲ. ಸಕಲೇಶಪುರದ ಕಡೆಯ ಒಬ್ಬ ಹುಡುಗ "ನಮ್ಮಪ್ಪನಿಗೆ ಮೀಸೆ ಬಿಟ್ಟರೆ ಬೇರೇನೂ ಇಲ್ಲ ಮಾರಾಯ" ಅಂತ ಫೋನಿನಲ್ಲೇ ದನಿ ಸಣ್ಣ ಮಾಡಿಕೊಂಡ.

ಆದರೆ ಇರುವುದೇ ಹಾಗೆ. ಟೆಸ್ಟೋಸ್ಟೆರಾನ್ ಚರ್ಮದಿಂದ ಒಳಗೆ ಹೋಗಲಿ, ಸ್ನಾಯುವಿನಿಂದ ಹೋಗಲಿ, ರಕ್ತಕ್ಕೆ ಸೇರಿದ ಮೇಲೆ ಅದು ಮಾಡುವ ಕೆಲಸ ಒಂದೇ. ಇಟಲಿಯ ವೈದ್ಯರು 45 ಟ್ರಾನ್ಸ್ ಪುರುಷರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ದಿನಕ್ಕೊಮ್ಮೆಯ ಇಂಜೆಕ್ಷನ್, ಇನ್ನೊಂದಕ್ಕೆ ದಿನಾ ಜೆಲ್, ಮತ್ತೊಂದಕ್ಕೆ ತಿಂಗಳುಗಟ್ಟಲೆ ನಿಲ್ಲುವ ದೊಡ್ಡ ಇಂಜೆಕ್ಷನ್ ಕೊಟ್ಟು 54 ವಾರ ನೋಡಿದ್ದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂರೂ ಗುಂಪಿನವರು ಬಹುಮಟ್ಟಿಗೆ ಒಂದೇ ಕಡೆ ಬಂದು ತಲುಪಿದ್ದರು. ದನಿ ಒಡೆಯುವುದು ಮೂರು ತಿಂಗಳಿಂದ ಒಂದು ವರ್ಷದೊಳಗೆ ಶುರುವಾಗುತ್ತದೆ, ಒಡೆದ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಮುಟ್ಟು ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ, ಜೆಲ್‌ನಲ್ಲಿ ಕೆಲವರಿಗೆ ಇನ್ನೊಂದಿಷ್ಟು ತಡ. ಗಡ್ಡ ಪೂರ್ತಿ ಕೂರಲು ನಾಲ್ಕೈದು ವರ್ಷ. ಮೊಡವೆ ಮಾತ್ರ ಯಾರನ್ನೂ ಕಾಯಿಸುವುದಿಲ್ಲ.

ಹಾಗಾದರೆ ಯಾವುದಾದರೂ ಒಂದೇ ಅಲ್ವಾ ಅಂದರೆ, ಅಲ್ಲ. ವ್ಯತ್ಯಾಸ ಇರುವುದು ಗಡ್ಡದಲ್ಲಲ್ಲ, ಮನೆಯಲ್ಲಿ. ಬೆಂಗಳೂರಿನಲ್ಲಿ ಒಂಟಿ ರೂಮು ಮಾಡಿಕೊಂಡಿರುವವನಿಗೂ, ಅಪ್ಪ ಅಮ್ಮ, ಬಂದುಹೋಗುವ ಅಕ್ಕ ಭಾವ, ಅವರ ಮಕ್ಕಳು ಒಂದೇ ಬಚ್ಚಲು ಬಳಸುವ ನಮ್ಮಂಥವರಿಗೂ ಇದು ಒಂದೇ ಪ್ರಶ್ನೆಯಲ್ಲ. ನಾನು ಆಲ್ದೂರಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಗೊಬ್ಬರದ ಲೆಕ್ಕ, ಕುಯಿಲಿನ ಲೆಕ್ಕ. ಇಂಜೆಕ್ಷನ್‌ನಿಂದ ಶುರು ಮಾಡಿ, ಜೆಲ್‌ಗೆ ಹೋಗಿ, ಮತ್ತೆ ಇಂಜೆಕ್ಷನ್‌ಗೆ ಬಂದವನು. ಮೂರು ಸಲವೂ ತೀರ್ಮಾನ ಮಾಡಿಸಿದ್ದು ಬೇರೆ ಬೇರೆ ಕಾರಣ. ಅವುಗಳಲ್ಲಿ ವೈದ್ಯಕೀಯ ಅನ್ನಬಹುದಾದ ಕಾರಣ ಒಂದೋ ಎರಡೋ.

ಮೊದಲು ಎಣ್ಣೆಯ ಸಂಗತಿ. ಬರೀ ಟೆಸ್ಟೋಸ್ಟೆರಾನ್ ನುಂಗಿದರೆ ಅದು ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ಬಹುಪಾಲು ಅಲ್ಲೇ ಮುರಿದುಹೋಗುತ್ತದೆ. ಹಾಗೇ ಚುಚ್ಚಿದರೆ ಬೇಗ ಖಾಲಿ. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಹೋರಿಯ ವೃಷಣದಿಂದ ಇದನ್ನು ಬೇರ್ಪಡಿಸಿದರಲ್ಲ, ಆಮೇಲಿನ ತಲೆಬಿಸಿಯೆಲ್ಲ ಇದನ್ನು ಮೈಯಲ್ಲಿ ನಿಲ್ಲಿಸುವುದು ಹೇಗೆ ಅನ್ನುವುದೇ ಆಗಿತ್ತು. ಟೆಸ್ಟೋಸ್ಟೆರಾನ್‌ಗೆ ಒಂದು ಕೊಬ್ಬಿನಾಮ್ಲದ ಬಾಲ ಅಂಟಿಸಿ ಎಣ್ಣೆಯಲ್ಲಿ ಕರಗಿಸಿ ಚುಚ್ಚಿದರೆ ಅದು ಸ್ನಾಯುವಿನಲ್ಲಿ ಕೂತು ನಿಧಾನವಾಗಿ ಬಿಡುಗಡೆಯಾಗುತ್ತದೆ. ಬಾಲ ಉದ್ದವಾದಷ್ಟೂ ನಿಧಾನ. ನಮ್ಮಲ್ಲಿ ತುಂಬ ಜನ ಶುರು ಮಾಡುವ ಸಸ್ಟನಾನ್ 250 ಅನ್ನುವ ಇಂಜೆಕ್ಷನ್‌ನಲ್ಲಿ ಇಂಥ ಬಾಲ ಅಂಟಿದ ನಾಲ್ಕು ಬಗೆಗಳಿವೆ, ಎಸ್ಟರ್ ಅನ್ನುತ್ತಾರೆ: ಪ್ರೊಪಿಯೊನೇಟ್ 30 ಮಿಲಿಗ್ರಾಂ, ಫಿನೈಲ್‌ಪ್ರೊಪಿಯೊನೇಟ್ 60, ಐಸೊಕ್ಯಾಪ್ರೊಯೇಟ್ 60, ಡೆಕನೊಯೇಟ್ 100. ಇವೆಲ್ಲ ಕರಗಿರುವುದು ಕಡಲೆಕಾಯಿ ಎಣ್ಣೆಯಲ್ಲಿ. ಹಾಗಾಗಿ ಕಡಲೆಕಾಯಿ ಅಲರ್ಜಿ ಇರುವವರು ಇದರ ಹತ್ತಿರ ಹೋಗುವಂತಿಲ್ಲ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಬೇಕು. ಟೆಸ್ಟೊವಿರಾನ್ ಡಿಪೋ ಅನ್ನುವ ಇನ್ನೊಂದು ಇಂಜೆಕ್ಷನ್‌ನಲ್ಲಿರುವುದು ಎನಾಂಥೇಟ್ ಎಸ್ಟರ್, ಅದಕ್ಕೆ ಹರಳೆಣ್ಣೆ. ಅಮೆರಿಕದವರ ಸಿಪಿಯೊನೇಟ್‌ಗೆ ಹತ್ತಿಬೀಜದ ಎಣ್ಣೆ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಆಕೆಗೆ ಅರ್ಧ ಭಯ ಹೋಯಿತು. ಹರಳೆಣ್ಣೆ ಅಂದರೆ ಆಕೆಗೆ ಗೊತ್ತು, ಹಾರ್ಮೋನ್ ಅಂದರೆ ಗೊತ್ತಿಲ್ಲ.

ಡಿಸೆಂಬರ್ ಬೆಳಿಗ್ಗೆ ನಮ್ಮ ಕಡೆ ಈ ಎಣ್ಣೆ ಒಂದು ಪೇಚು. ಕಪಾಟಿನಿಂದ ತೆಗೆದ ಆಂಪ್ಯೂಲ್, ಔಷಧಿ ತುಂಬಿದ ಗಾಜಿನ ಪುಟ್ಟ ಶೀಷೆ, ಮುಟ್ಟಿದರೆ ತಣ್ಣಗೆ, ಓರೆ ಮಾಡಿದರೆ ಒಳಗಿನ ಗುಳ್ಳೆ ಮೇಲೇರಲು ಸೋಮಾರಿತನ ಮಾಡುತ್ತದೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಕೂರಬೇಕು. ಅಷ್ಟರಲ್ಲಿ ಸಾಬೂನು ಹಾಕಿ ತೊಳೆದ ಸ್ಟೀಲ್ ತಟ್ಟೆಯಲ್ಲಿ ಸ್ಪಿರಿಟ್ ಹತ್ತಿ, ಎರಡು ಸೂಜಿ, ಸಿರಿಂಜು. ಎಣ್ಣೆ ಎಳೆಯಲು ದಪ್ಪ 18 ಗೇಜ್ ಸೂಜಿ, ಚುಚ್ಚಲು ಸಣ್ಣದು, 23 ಗೇಜ್. ಆಂಪ್ಯೂಲಿನ ಕುತ್ತಿಗೆಗೆ ಹತ್ತಿ ಸುತ್ತಿ, ಗುರುತಿನ ಚುಕ್ಕಿಯನ್ನು ನನ್ನ ಕಡೆ ಮಾಡಿ ಆಚೆಗೆ ಬಾಗಿಸಿದರೆ ಟಿಕ್ ಅಂತ ಮುರಿಯುತ್ತದೆ. ದಪ್ಪ ಸೂಜಿಯಲ್ಲೂ ಎಣ್ಣೆ ಗಂಜಿ ಬಂದ ಹಾಗೆ ಬರುತ್ತದೆ. ಸೂಜಿ ಬದಲಿಸಿ, ಗಾಳಿ ಬಿಟ್ಟು, ತೊಡೆಯ ಹೊರಮಗ್ಗುಲನ್ನು ಮೂರು ಪಾಲು ಮಾಡಿ ನಡುವಿನ ಪಾಲಿನಲ್ಲಿ ನೇರ ಒಳಕ್ಕೆ. ನೋವು ಸೂಜಿಯದ್ದಲ್ಲ. ಅವಸರದಲ್ಲಿ ತಳ್ಳಿದ ಎಣ್ಣೆಯದ್ದು. ನಿಧಾನ ತಳ್ಳಿದರೆ ಸಂಜೆ ಗುಡ್ಡ ಹತ್ತಬಹುದು, ಜೋರು ತಳ್ಳಿದರೆ ಮಾರನೇ ದಿನ ಲೈನ್ ಮನೆಗಳ ಮೆಟ್ಟಿಲು ಹತ್ತುವಾಗ ಮೇಸ್ತ್ರಿ "ಎಂಥ ಆಯ್ತು ಕಾಲಿಗೆ" ಅಂತ ಕೇಳುತ್ತಾನೆ. ಮುಗಿದ ಸೂಜಿ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ. ಡಬ್ಬಿ ತುಂಬಿದಾಗ ಚಿಕ್ಕಮಗಳೂರಿನಲ್ಲಿ ನಾನು ತೋರಿಸುವ ಕ್ಲಿನಿಕ್ಕಿಗೆ ಕೊಡುತ್ತೇನೆ. ತೋಟದ ಕಸದ ಗುಂಡಿಗೆ ಎಸೆಯುವುದು ಬೇಡವೇ ಬೇಡ, ಗೊಬ್ಬರ ತೆಗೆಯುವವರು ಬರಿಗೈಯವರು.

ಇದು ಈಗಿನ ಮಾತು. ಮೊದಲು ನಾನೇ ಚುಚ್ಚಿಕೊಳ್ಳುತ್ತಿರಲಿಲ್ಲ. ಚೀಟಿ ಬರೆದುಕೊಟ್ಟ ಎಂಡೋಕ್ರೈನಾಲಜಿಸ್ಟ್, ಹಾರ್ಮೋನ್ ಡಾಕ್ಟರ್, ಬೆಂಗಳೂರಿನಲ್ಲಿ. ಮೂರು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಊರಿನ ಒಂದು ಸಣ್ಣ ಕ್ಲಿನಿಕ್ಕಿಗೆ ಔಷಧಿ ನಾನೇ ಒಯ್ದು ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದೆ. ಅಲ್ಲಿ ಹಾಕುವಾಕೆಗೆ ನನ್ನ ದೊಡ್ಡಮ್ಮ ಗೊತ್ತು. ಪರದೆ ಎಳೆದ ಮೇಲೂ ಆಚೆ ಬೆಂಚಿನಲ್ಲಿ ಕೂತವರಿಗೆ ಕೇಳುವಂತೆ "ಇದು ಗಂಡಸರಿಗೆ ಕೊಡೋದಲ್ವನಾ, ನಿಂಗ್ಯಾಕೆ?" ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನಮ್ಮೂರಿನಲ್ಲಿ ಯಾರಿಗೆ ಯಾವ ಮಾತ್ರೆ ಅನ್ನುವುದು ಸಾರ್ವಜನಿಕ ಮಾಹಿತಿ. ಆದರೆ ಆವತ್ತು ಸಂಜೆಯೊಳಗೆ ದೊಡ್ಡಮ್ಮನ ಫೋನು ಬಂತು. ಔಷಧಿ ಅಂಗಡಿಯಲ್ಲಿ ಕತೆ ಬೇರೆ. ಅಲ್ಲಿ ಸಸ್ಟನಾನ್ ಅಂದರೆ ಜಿಮ್ಮು. "ಬಾಡಿ ಬಿಲ್ಡಿಂಗಾ?" ಅಂತ ಕೇಳಿದವರಿಗೆ ನಾನು ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಇದು ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಇಲ್ಲದೆ ಕೊಡುವ ಅಂಗಡಿಗಳೂ, ಜಿಮ್ಮಿನಲ್ಲಿ ಕೈಯಿಂದ ಕೈಗೆ ದಾಟುವ ಡಬ್ಬಿಗಳೂ ಇವೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ದಾರಿ ಹಿಡಿಯಬೇಡಿ ಅಂತ ನಾನು ಹುಡುಗರಿಗೆ ಹೇಳುವುದು ಕಾನೂನಿನ ಭಯಕ್ಕಲ್ಲ. ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಿ ನೋಡುವವರೂ ಇಲ್ಲ, ಅದಕ್ಕೆ.

ಇಂಜೆಕ್ಷನ್ನಿನ ದೊಡ್ಡ ಕಿರಿಕಿರಿ ಏರಿಳಿತ. ಸಸ್ಟನಾನ್ ಹಾಕಿದ 24ರಿಂದ 48 ಗಂಟೆಯೊಳಗೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಶಿಖರ ಮುಟ್ಟುತ್ತದೆ. ಒಂದು ಪೂರ್ತಿ ಆಂಪ್ಯೂಲಿಗೆ ಆ ಶಿಖರ ಸಾಮಾನ್ಯ ಗಂಡಸಿನ ಮಟ್ಟಕ್ಕಿಂತ ಎಷ್ಟೋ ಮೇಲಿರುತ್ತದೆ. ಇಪ್ಪತ್ತೊಂದನೇ ದಿನದ ಹೊತ್ತಿಗೆ ಗಂಡಸಿನ ಮಟ್ಟದ ಕೆಳ ಅಂಚಿಗೆ ಬಂದಿರುತ್ತದೆ. ಅಂಕಿ ಓದುವ ಮೊದಲೇ ನನಗದು ಮೈಯಿಂದ ಗೊತ್ತಾಗಿತ್ತು. ಮೊದಲ ವಾರ ಹಸಿವು, ಹುರುಪು, ರಾತ್ರಿ ನಿದ್ದೆ ಇಲ್ಲದಿದ್ದರೂ ಬೆಳಿಗ್ಗೆ ಎದ್ದು ನಿಲ್ಲುವ ಮೊಂಡು. ಮೂರನೇ ವಾರ ಚೆಕ್‌ರೋಲ್ ಕೂಡಿಸಲು ಕೂತರೆ ಅಂಕಿಗಳ ಮೇಲೇ ಸಿಟ್ಟು. ವಾರಕ್ಕೊಮ್ಮೆಯ ಬಟವಾಡೆಗೂ ದಿನಗೂಲಿಗೂ ಇರುವ ಅಂತರ ಇದು: ಶನಿವಾರ ಜೇಬು ತುಂಬಿ ಗುರುವಾರ ಸಾಲ ಕೇಳುವವರಿದ್ದಾರೆ, ದಿನಾ ಸಂಜೆ ಅಷ್ಟಷ್ಟೇ ಎಣಿಸಿಕೊಂಡು ಹೋಗುವವರಿದ್ದಾರೆ, ತಿಂಗಳ ಮೊತ್ತ ಇಬ್ಬರದ್ದೂ ಅಷ್ಟೇ. ಜೆಲ್ ದಿನಗೂಲಿ.

ಈ ಏರಿಳಿತ ಎಲ್ಲರಿಗೂ ಕಾಡುವುದಿಲ್ಲ. ಕಾಡಿದರೆ ಸಹಿಸಿಕೊಳ್ಳುವ ಅಗತ್ಯವೂ ಇಲ್ಲ, ಡೋಸ್ ಒಡೆದು ಹತ್ತಿರ ಹತ್ತಿರ ಕೊಡಬಹುದು. ಹಾರ್ಮೋನ್ ಡಾಕ್ಟರುಗಳ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಎನಾಂಥೇಟ್ ಅಥವಾ ಸಿಪಿಯೊನೇಟ್ 100ರಿಂದ 200 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ, ಇಲ್ಲವೇ ಅದರ ಅರ್ಧ ವಾರಕ್ಕೊಮ್ಮೆ ಚರ್ಮದಡಿಗೆ ಅನ್ನುತ್ತದೆ. ಆದರೆ ಆಂಪ್ಯೂಲ್ ಒಮ್ಮೆ ಮುರಿದರೆ ಮುಗಿಯಿತು, ಉಳಿದರ್ಧವನ್ನು ಮುಂದಿನ ವಾರಕ್ಕೆ ಮುಚ್ಚಿಡಲು ಅದಕ್ಕೆ ಮುಚ್ಚಳವಿಲ್ಲ. ಹೊರದೇಶದವರು ರಬ್ಬರ್ ಮುಚ್ಚಳದ ವಯಲ್‌ನಿಂದ ವಾರವಾರ ಎಳೆದುಕೊಳ್ಳುವ ವಿಡಿಯೋ ನೋಡಿ, ನಮ್ಮ ಹುಡುಗರು ಅರ್ಧ ಆಂಪ್ಯೂಲನ್ನು ಸಿರಿಂಜಿನಲ್ಲೇ ತುಂಬಿ ಫ್ರಿಜ್ಜಿನಲ್ಲಿಟ್ಟು ಬಳಸುವುದನ್ನು ಕೇಳಿದ್ದೇನೆ. ಸೋಂಕಿಗೆ ಕರೆಯೋಲೆ ಅದು. ಉಳಿದದ್ದನ್ನು ಚೆಲ್ಲಿ, ಇಲ್ಲವೇ ಕಡಿಮೆ ಮಿಲಿಗ್ರಾಮಿನ ಆಂಪ್ಯೂಲ್ ತರಿಸಿಕೊಡಿ ಅಂತ ಡಾಕ್ಟರಿಗೂ ಅಂಗಡಿಯವರಿಗೂ ದುಂಬಾಲು ಬೀಳಿ.

ನಾನು ಜೆಲ್‌ಗೆ ಹೋದದ್ದು ಏರಿಳಿತಕ್ಕಲ್ಲ, ರಕ್ತ ಗಟ್ಟಿಯಾಯಿತು ಅಂತ. ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ಹೆಮಟೊಕ್ರಿಟ್ ಅನ್ನುವ ಅಂಕಿ, ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಕೆಂಪುಕಣ ಅನ್ನುವುದು, ಏರುತ್ತದೆ. 50ರವರೆಗೆ ಗಂಡಸಿನ ಸಾಮಾನ್ಯ ಮಟ್ಟ, 54 ದಾಟಿದರೆ ಡೋಸ್ ತಗ್ಗಿಸಬೇಕು ಅಥವಾ ನಿಲ್ಲಿಸಬೇಕು, ರಕ್ತ ಹೆಪ್ಪುಗಟ್ಟುವ ಭಯ. ನೆದರ್ಲೆಂಡ್ಸ್‌ನಲ್ಲಿ 1,073 ಟ್ರಾನ್ಸ್ ಪುರುಷರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 11 ಜನ 50ರ ಗೆರೆ ದಾಟಿದ್ದರು, 54 ದಾಟಿದವರು ಇನ್ನೂರಕ್ಕೆ ಒಬ್ಬರು. ಏರಿಕೆ ಹೆಚ್ಚು ಕಂಡದ್ದು ಮೊದಲ ವರ್ಷದಲ್ಲಿ. ಸಿಗರೇಟು ಸೇದುವವರಲ್ಲಿ ಹೆಚ್ಚು, ತೂಕ ಹೆಚ್ಚಿದ್ದವರಲ್ಲಿ ಹೆಚ್ಚು, ಜೆಲ್ ಹಚ್ಚುವವರಿಗಿಂತ ತಿಂಗಳುಗಟ್ಟಲೆ ನಿಲ್ಲುವ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಹೆಚ್ಚು. ನನ್ನ ಅಂಕಿ 54 ಮುಟ್ಟಿರಲಿಲ್ಲ, ಆದರೆ ಆ ಕಡೆಗೇ ಮುಖ ಮಾಡಿತ್ತು. "ಸಿಗರೇಟು ಬಿಡು, ನೀರು ಕುಡಿ, ಜೆಲ್ ಹಚ್ಚಿ ನೋಡೋಣ" ಅಂದರು ಡಾಕ್ಟರ್. ಮೂರರಲ್ಲಿ ಕಷ್ಟದ್ದು ಮೊದಲನೆಯದು.

ಇಲ್ಲೊಂದು ಮಾತು. ನಮ್ಮ ಹುಡುಗರ ನಡುವೆ ಜೆಲ್ ಅಂದರೆ ಒಂಥರಾ ಸಸಾರ. ಶಾಟ್ ಹಾಕಿಕೊಳ್ಳುವವನು ಗಟ್ಟಿ, ಜೆಲ್ ಹಚ್ಚುವವನು ಮೆತ್ತಗೆ. ಗಂಡಸುತನದ ಈ ಅಳತೆಗೋಲಿನಿಂದ ಪೆಟ್ಟು ತಿಂದೇ ಇಲ್ಲಿಯವರೆಗೆ ಬಂದವರು ಅದೇ ಕೋಲನ್ನು ಕೈಗೆತ್ತಿಕೊಂಡು ಇನ್ನೊಬ್ಬನನ್ನು ಅಳೆಯುವುದು ನೋಡಿದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಸೂಜಿ ಕಂಡರೆ ತಲೆ ತಿರುಗುವವರು ತೋಟದಲ್ಲಿ ಹುಲ್ಲು ಹೆರೆಯುವ ಕತ್ತಿ ಹಿಡಿದವರಲ್ಲೂ ಇದ್ದಾರೆ.

ಜೆಲ್ ನನ್ನ ಪಾಲಿಗೆ ಬಂದದ್ದು ಮುಂಗಾರಿನ ಜೊತೆ. ಸರ್ನೋಸ್ ಜೆಲ್, ಒಂದು ಪರ್ಸೆಂಟಿನದ್ದು, 5 ಗ್ರಾಂನ ಸ್ಯಾಶೆ, ಅದರಲ್ಲಿ 50 ಮಿಲಿಗ್ರಾಂ ಟೆಸ್ಟೋಸ್ಟೆರಾನ್. ಚರ್ಮ ಒಳಗೆ ಬಿಟ್ಟುಕೊಳ್ಳುವುದು ಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದು ಮೈಮೇಲೇ ಉಳಿಯುತ್ತದೆ, ಮುಂದಿನ ಎಲ್ಲ ರಗಳೆಗೂ ಮೂಲ ಅದೇ. ಬೆಳಿಗ್ಗೆ ಸ್ನಾನ ಮಾಡಿ, ಮೈ ಚೆನ್ನಾಗಿ ಒರೆಸಿಕೊಂಡು, ಭುಜ ಮತ್ತು ಮೇಲ್ದೋಳಿಗೆ ತೆಳ್ಳಗೆ ಸವರಿ, ಒಣಗಲು ಬಿಟ್ಟು, ಅಂಗಿ ಹಾಕಿ, ಕೈ ಸಾಬೂನಿನಿಂದ ತೊಳೆಯಬೇಕು. ಆಮೇಲೆ ಐದಾರು ಗಂಟೆ ನೀರು ತಾಗಿಸುವಂತಿಲ್ಲ. ಐದು ನಿಮಿಷದಲ್ಲಿ ಒಣಗುತ್ತದೆ ಅಂತ ಡಬ್ಬಿಯೊಳಗಿನ ಕಾಗದ ಬರೆದವರು ಆಷಾಢದಲ್ಲಿ ಆಲ್ದೂರಿಗೆ ಬಂದಿಲ್ಲ. ಹೊರಗೆ ಹಿಡಿದ ಮಳೆ, ಗೋಡೆಗಳಲ್ಲಿ ತೇವ, ತಂತಿಯ ಮೇಲೆ ಮೂರು ದಿನದ ಬಟ್ಟೆ. ತೋಳು ಎರಡೂ ಬದಿಗೆ ಚಾಚಿ ಬೆದರುಬೊಂಬೆ ಥರ ನಿಂತೇ ನಿಂತೆ. ಅಂಗಿ ಅಂಟಿಕೊಳ್ಳುತ್ತಿತ್ತು.

ಇನ್ನೊಂದು ಸಂಗತಿಯನ್ನು ನಮ್ಮ ಮನೆಗಳಿಗೆಂದೇ ಬರೆಯುತ್ತೇನೆ. ಈ ಜೆಲ್ಲಿನ ಹೆಚ್ಚಿನ ಪಾಲು ಆಲ್ಕೋಹಾಲ್. ಒಣಗುವವರೆಗೆ ಬೆಂಕಿ ಹಿಡಿಯುತ್ತದೆ. ನಮ್ಮ ಬಚ್ಚಲಲ್ಲಿ ಹಂಡೆ ಒಲೆ ಇದೆ, ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ, ಮೈ ಒರೆಸಿಕೊಂಡು ಅಲ್ಲೇ ನಿಂತು ಹಚ್ಚೋಣ ಅನ್ನಿಸುವುದು ಸಹಜ. ಬೇಡ. ರೂಮಿಗೆ ಹೋಗಿ ಹಚ್ಚಿ. ವಾಸನೆ ಕೂಡ ಅದೇ, ಆಸ್ಪತ್ರೆ ಬಾಗಿಲಲ್ಲಿ ಕೈಗೆ ಹಾಕುವ ಸ್ಯಾನಿಟೈಸರಿನದ್ದು. ಅಮ್ಮ ಮೊದಲ ವಾರ ಏನೂ ಕೇಳಲಿಲ್ಲ. ಎರಡನೇ ವಾರ ರೊಟ್ಟಿ ತಟ್ಟುತ್ತಾ, ನನ್ನ ಕಡೆ ನೋಡದೆ, "ಬೆಳಬೆಳಿಗ್ಗೇನೇ ಶುರು ಮಾಡಿದ್ಯೇನಾ" ಅಂದರು. ಇಂಜೆಕ್ಷನ್ ಬಗ್ಗೆ ಗೊತ್ತಿದ್ದ ಆಕೆಗೆ ಜೆಲ್ ಬಗ್ಗೆ ನಾನು ಹೇಳಿರಲಿಲ್ಲ. ಸ್ಯಾಶೆ ತೋರಿಸಿದೆ. ಮೂಸಿ ನೋಡಿ "ಇದಕ್ಕಿಂತ ಹರಳೆಣ್ಣೆನೇ ವಾಸಿ" ಅಂದರು.

ಜೆಲ್ಲಿನ ಗುಣಗಳೂ ಸಣ್ಣವಲ್ಲ. ಹಚ್ಚಲು ಶುರು ಮಾಡಿದ ಒಂದೆರಡು ದಿನದಲ್ಲೇ ರಕ್ತದ ಮಟ್ಟ ಒಂದು ಹದಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಮೂರನೇ ವಾರ ಅನ್ನುವುದೇ ಇಲ್ಲವಾಯಿತು, ಮೇಸ್ತ್ರಿಗೂ ಅದು ಗೊತ್ತಾಗಿರಬೇಕು. ಹೆಮಟೊಕ್ರಿಟ್ ಇಳಿಯಿತು, ಸಿಗರೇಟು ಬಿಟ್ಟದ್ದರ ಪಾಲೂ ಅದರಲ್ಲಿದೆ. ನಿಧಾನ ಹೋಗಬೇಕು ಅನ್ನುವವರಿಗೆ, ದನಿ ಬದಲಾಗುವುದನ್ನು ನೋಡಿಕೊಂಡು ಒಂದೊಂದೇ ಹೆಜ್ಜೆ ಇಡಬೇಕು ಅನ್ನುವವರಿಗೆ ಜೆಲ್ ಅನುಕೂಲ. ಇವತ್ತು ಬೇಡ ಅನ್ನಿಸಿದರೆ ನಾಳೆ ನಿಲ್ಲಿಸಬಹುದು, ಚುಚ್ಚಿದ ಎಣ್ಣೆಯನ್ನು ವಾಪಸು ತೆಗೆಯಲಾಗುವುದಿಲ್ಲ. ಮುಖ್ಯವಾಗಿ ಯಾವ ಕ್ಲಿನಿಕ್ಕಿನ ಬೆಂಚಿನಲ್ಲೂ ಕೂರಬೇಕಿಲ್ಲ. ಆದರೆ ದಿನಾ ಹಚ್ಚಬೇಕು. ಮದುವೆ ಮನೆಯಲ್ಲಿ ಹತ್ತು ಜನ ಒಂದೇ ಹಾಲ್‌ನಲ್ಲಿ ಮಲಗಿ ಏಳುವ ದಿನವೂ, ಹಾಸನಾಂಬೆ ದರ್ಶನಕ್ಕೆ ನಡುರಾತ್ರಿ ಹೊರಟು ಸಾಲಿನಲ್ಲೇ ಬೆಳಗಾಗುವ ದಿನವೂ. ಇಂಜೆಕ್ಷನ್ನಿನ ಗುಟ್ಟು ಎರಡು ವಾರಕ್ಕೊಮ್ಮೆ ಹತ್ತು ನಿಮಿಷದ್ದು. ಜೆಲ್ಲಿನ ಗುಟ್ಟನ್ನು ದಿನಾ ಕಾಯಬೇಕು. ಮನೆಯಲ್ಲಿ ಹೇಳದೆ ಶುರು ಮಾಡುತ್ತೇನೆ ಅನ್ನುವವರು ಸಾಮಾನ್ಯವಾಗಿ ಜೆಲ್ ಸುಲಭ ಅಂದುಕೊಂಡಿರುತ್ತಾರೆ. ನನಗೆ ಕಂಡದ್ದು ತಲೆಕೆಳಗು.

ಅಕ್ಕನಿಗೆ ಏಳು ತಿಂಗಳಾದಾಗ ಸೀಮಂತ ಮುಗಿಸಿ ತವರಿಗೆ ಕರೆತಂದೆವು. ನಾನು ಜೆಲ್ ಬಿಟ್ಟದ್ದು ಆಕೆ ಬರುವುದಕ್ಕೆ ಮೊದಲೇ. ಚರ್ಮದ ಮೇಲೆ ಉಳಿಯುವ ಟೆಸ್ಟೋಸ್ಟೆರಾನ್ ಇನ್ನೊಬ್ಬರ ಮೈಗೆ ಒತ್ತಿದರೆ ಅವರಿಗೂ ದಾಟುತ್ತದೆ. ಬಸುರಿಗೆ ದಾಟಿದರೆ ಹೊಟ್ಟೆಯಲ್ಲಿರುವ ಹೆಣ್ಣು ಮಗುವಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಎಳೆ ಮಕ್ಕಳಿಗೆ ದಾಟಿದರೆ ಅಕಾಲದಲ್ಲಿ ಮೈನೆರೆಯುವ ಲಕ್ಷಣಗಳು, ಜನನಾಂಗದ ಬೆಳವಣಿಗೆ, ಮೂಳೆ ವಯಸ್ಸಿಗೆ ಮೀರಿ ಬಲಿಯುವುದು. ಇಂಥ ಮಕ್ಕಳ ವರದಿಗಳು ಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಣದವರು 2009ರಲ್ಲಿ ಜೆಲ್ ಡಬ್ಬಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಅಂಗಿ ಹಾಕಿದರೆ, ಕೈ ತೊಳೆದರೆ, ಮಗುವನ್ನು ಎತ್ತುವ ಮೊದಲು ಹಚ್ಚಿದ ಜಾಗ ಸಾಬೂನಿನಿಂದ ತೊಳೆದರೆ ಅಪಾಯ ಬಹಳ ಕಡಿಮೆ ಅನ್ನುವುದು ನಿಜ. ಎಷ್ಟೋ ಅಪ್ಪಂದಿರು ಹಾಗೇ ನಿಭಾಯಿಸುತ್ತಾರೆ. ಆದರೆ ನಮ್ಮ ಬಾಣಂತಿ ಮನೆ ನೆನೆಸಿಕೊಳ್ಳಿ. ಒಂದೇ ಗೂಟಕ್ಕೆ ನಾಲ್ಕು ಟವೆಲು. ಕೂಸು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಿನಕ್ಕೆ ನೂರು ಸಲ ದಾಟುತ್ತದೆ, ಹೆಗಲ ಮೇಲೆ ಕೆನ್ನೆ ಒತ್ತಿ ಮಲಗುತ್ತದೆ. ಮಾವನಾದವನು "ತಾಳಿ, ಕೈ ತೊಳೆದು ಬರ್ತೀನಿ, ಅಂಗಿ ಬದಲಿಸಿ ಬರ್ತೀನಿ" ಅಂತ ಪ್ರತಿ ಸಲ ಹೇಳುತ್ತಾ ಕೂತರೆ ಬಂದ ನೆಂಟರಿಗೆಲ್ಲ ಕಾರಣ ಹೇಳಬೇಕು. ನನಗೆ ಕೂಸನ್ನು ಎತ್ತಿಕೊಳ್ಳುವಾಗ ಲೆಕ್ಕ ಹಾಕುವುದು ಬೇಡವಾಗಿತ್ತು. ಆ ಹೊತ್ತಿಗೆ ಸೂಜಿ ಹಿಡಿಯಲು ಕಲಿತಿದ್ದೆ, ಚಿಕ್ಕಮಗಳೂರಿನಲ್ಲಿ ಪರದೆಯಾಚೆಗೆ ಮಾತು ಹೋಗದಂತೆ ಮಾತಾಡುವ ಒಬ್ಬ ಡಾಕ್ಟರೂ ಸಿಕ್ಕಿದ್ದರು. ಈ ಸಲ ಎನಾಂಥೇಟ್, ಸಣ್ಣ ಡೋಸು, ಹತ್ತಿರದ ಅಂತರ.

ಯಾವುದನ್ನೇ ಆರಿಸಿದರೂ ರಕ್ತ ಪರೀಕ್ಷೆ ತಪ್ಪದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಯಾವ ದಿನ ರಕ್ತ ಕೊಟ್ಟಿರಿ ಅನ್ನುವುದರ ಮೇಲೆ ಅಂಕಿಯ ಅರ್ಥವೇ ಬದಲಾಗುತ್ತದೆ. ಎನಾಂಥೇಟ್ ಆದರೆ ಎರಡು ಇಂಜೆಕ್ಷನ್‌ಗಳ ನಟ್ಟನಡುವೆ, ಆಗ ಡೆಸಿಲೀಟರ್ ರಕ್ತಕ್ಕೆ 400ರಿಂದ 700 ನ್ಯಾನೋಗ್ರಾಂನಷ್ಟು ಇರಬೇಕು ಅನ್ನುತ್ತದೆ ಎಂಡೋಕ್ರೈನ್ ಸೊಸೈಟಿಯ ಅದೇ ಮಾರ್ಗಸೂಚಿ. ಜೆಲ್ ಆದರೆ ಒಂದು ವಾರ ಬಿಡದೆ ಹಚ್ಚಿದ ಮೇಲೆ, ಆ ದಿನ ಹಚ್ಚಿ ಎರಡು ಗಂಟೆಯಾದರೂ ಕಳೆದಿರಬೇಕು, ಮತ್ತು ಜೆಲ್ ಹಚ್ಚಿದ ತೋಳಿನಿಂದ ರಕ್ತ ತೆಗೆಸಬಾರದು, ಚರ್ಮದ ಮೇಲಿನದ್ದು ಸೇರಿ ಅಂಕಿ ಸುಳ್ಳಾಗುತ್ತದೆ. ಲ್ಯಾಬಿನಲ್ಲಿ ನಿಮ್ಮ ಹೆಸರಿನ ಮುಂದೆ ಹೆಣ್ಣು ಅಂತಿದ್ದರೆ ಕಂಪ್ಯೂಟರು ಹೆಣ್ಣಿನ ಮಟ್ಟಕ್ಕೇ ಹೋಲಿಸಿ ಹಿಮೋಗ್ಲೋಬಿನ್, ಹೆಮಟೊಕ್ರಿಟ್, ಟೆಸ್ಟೋಸ್ಟೆರಾನ್ ಮೂರರ ಮುಂದೆಯೂ ದಪ್ಪಕ್ಷರದ ಗುರುತು ಹಾಕುತ್ತದೆ. ಒಮ್ಮೆ ಲ್ಯಾಬಿನ ಹುಡುಗ ಗಾಬರಿಯಿಂದ ಫೋನ್ ಮಾಡಿ "ಸ್ಯಾಂಪಲ್ ಅದಲುಬದಲಾಗಿರಬೇಕು, ಮತ್ತೆ ಬನ್ನಿ" ಅಂದಿದ್ದ, ಪಾಪ. ನೀವು ನೋಡಬೇಕಾದ್ದು ಗಂಡಸಿನ ಮಟ್ಟ. ಜಿಲ್ಲಾಧಿಕಾರಿಗಳಿಂದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯಡಿ ಗುರುತಿನ ಪ್ರಮಾಣಪತ್ರ ಪಡೆದ ಮೇಲೆ ಕಾಗದಪತ್ರ ಒಂದೊಂದೇ ಸರಿಯಾಗುತ್ತಿವೆ. ಅದರ ಅಲೆದಾಟ ಬೇರೆಯೇ ಬರಹಕ್ಕಾಗುವಷ್ಟಿದೆ.

ಹಾಗೇ ಇನ್ನೊಂದು, ಯಾರೂ ಬಾಯಿಬಿಟ್ಟು ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಜೆಲ್ ಆಗಲಿ ಇಂಜೆಕ್ಷನ್ ಆಗಲಿ ಗರ್ಭನಿರೋಧಕ ಅಲ್ಲ. ಮುಟ್ಟು ನಿಂತಿದ್ದರೂ ಬಸುರಾಗುವ ಸಾಧ್ಯತೆ ಇದೆ, ಆಗ ಟೆಸ್ಟೋಸ್ಟೆರಾನ್ ಭ್ರೂಣಕ್ಕೆ ಅಪಾಯ. ಮುಂದೆ ಮಕ್ಕಳ ಆಸೆ ಇದ್ದರೆ ಶುರು ಮಾಡುವ ಮೊದಲೇ ಡಾಕ್ಟರ್ ಹತ್ತಿರ ಆ ಮಾತು ಎತ್ತಿ.

ಮೂರನೇ ದಾರಿಯೂ ಒಂದಿದೆ. ತಿಂಗಳುಗಟ್ಟಲೆ ನಿಲ್ಲುವ ಆ ದೊಡ್ಡ ಇಂಜೆಕ್ಷನ್, ಅನ್‌ಡೆಕನೊಯೇಟ್, 1000 ಮಿಲಿಗ್ರಾಂ, 4 ಮಿಲಿಲೀಟರ್ ಹರಳೆಣ್ಣೆಯಲ್ಲಿ. ಮೊದಲ ಎರಡು ಡೋಸ್ ಆರು ವಾರದ ಅಂತರದಲ್ಲಿ, ಆಮೇಲೆ ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ. ಏರಿಳಿತ ಕಡಿಮೆ, ವರ್ಷಕ್ಕೆ ನಾಲ್ಕೈದು ಸಲ ಮೈ ತೋರಿಸಿದರೆ ಮುಗಿಯಿತು. ಇದನ್ನು ಮನೆಯಲ್ಲಿ ನೀವೇ ಹಾಕಿಕೊಳ್ಳುವಂತಿಲ್ಲ. ಪೃಷ್ಠದ ಸ್ನಾಯುವಿಗೆ ಆಳಕ್ಕೆ, ಎರಡು ನಿಮಿಷದಷ್ಟು ಹೊತ್ತು ನಿಧಾನವಾಗಿ ಕೊಡಬೇಕು. ಎಣ್ಣೆಯ ಹನಿ ರಕ್ತನಾಳಕ್ಕೆ ಸೇರಿ ಶ್ವಾಸಕೋಶ ಮುಟ್ಟಿದರೆ ತಕ್ಷಣ ಕೆಮ್ಮು, ಉಸಿರುಕಟ್ಟು ಬರುವುದುಂಟು, ಅಪರೂಪಕ್ಕೆ. ಅದಕ್ಕೇ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವ ಪದ್ಧತಿ. ಹಾಸನದಲ್ಲಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಗೆಳೆಯ ಇದಕ್ಕೇ ಅಂಟಿಕೊಂಡಿದ್ದಾನೆ. ವರ್ಷಕ್ಕೆ ನಾಲ್ಕೈದು ಸಲ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ, ಅಂಗಡಿಗೆ ಸಾಮಾನು ತಂದ ಹಾಗೂ ಆಯಿತು. ಸೂಜಿ ಮನೆಯಲ್ಲಿ ಇಲ್ಲ, ಸ್ಯಾಶೆ ಇಲ್ಲ, ಹೆಂಡತಿಯ ಮನೆಯವರಿಗೆ ಗೊತ್ತಿಲ್ಲ. ಅವನ ಬದುಕಿಗೆ ಅದು ಸರಿ. ನನಗೆ ಕುಯಿಲಿನ ಕಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ, ಒಂದು ದಿನ ರಜೆ ಸಿಗುವುದೇ ಪುಣ್ಯ.

ಮತ್ತೆ ದುಡ್ಡು. ಇಂಜೆಕ್ಷನ್ ತಿಂಗಳಿಗೆ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ಜೆಲ್ ಸಾವಿರದ ಲೆಕ್ಕ. ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಂತ 2022ರಲ್ಲಿ ಕೇಂದ್ರದವರು ಘೋಷಿಸಿದ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆ, ಅದರೊಳಗೆ ಹಾರ್ಮೋನ್ ಚಿಕಿತ್ಸೆಯೂ ಸೇರುತ್ತದೆ ಅಂದಿದ್ದರು. ನನ್ನ ಔಷಧಿ ಅಂಗಡಿಯವನು ಈವರೆಗೆ ನನ್ನಿಂದ ನೋಟನ್ನೇ ಎಣಿಸಿಕೊಂಡಿದ್ದಾನೆ.

ಅಕ್ಕ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೊರಟಾಗ, ಈಗ ಮನೆಯಲ್ಲಿ ಮಕ್ಕಳಿಲ್ಲವಲ್ಲ, ಜೆಲ್‌ಗೆ ವಾಪಸು ಹೋಗುತ್ತೀಯಾ ಅಂತ ಡಾಕ್ಟರ್ ಕೇಳಿದರು. ಹೆಮಟೊಕ್ರಿಟ್ 48ರಲ್ಲಿ ನಿಂತಿದೆ, ಸಣ್ಣ ಡೋಸಿನಲ್ಲಿ ಮೂರನೇ ವಾರದ ಸಿಡುಕೂ ಇಲ್ಲ, ತೋಟದಲ್ಲಿ ಈ ವರ್ಷ ಬೋನಸ್ಸೂ ಇಲ್ಲ. ಬೇಡ ಅಂದೆ. ಅಂಕಿ ಮತ್ತೆ ಏರಿದರೆ ಆಗ ನೋಡೋಣ ಅಂತ ಬರೆದುಕೊಟ್ಟರು, ಮುಂದಿನ ಪರೀಕ್ಷೆ ಬೇಸಾಯದ ಕೆಲಸ ಮುಗಿದ ಮೇಲೆ.